ಬಸ್ಸಿನಲ್ಲಿ ಬಂದ ಯಾತ್ರಿಕ

ಕೂತು ಮಾತಾಡುವಾಗ ಅಂಕಲ್ ಅವರ ಬಲಪಾದ ತನ್ನಷ್ಟಕ್ಕೆ ನೆಲ ತಟ್ಟುತ್ತಿತ್ತು. ಮೆಲ್ಬರ್ನಿನಲ್ಲಿ ಟ್ರಾಮ್ ಓಡಿಸಿ ನಿವೃತ್ತರಾದವರು. ಹಳೆಯ ಟ್ರಾಮುಗಳಲ್ಲಿ ಗಂಟೆ ಬಾರಿಸಲು ಕಾಲಡಿಯಲ್ಲೊಂದು ಪೆಡಲ್ ಇರುತ್ತಿತ್ತಂತೆ. ಯಾರಾದರೂ ಮಾತಿಗೆ ಅಡ್ಡ ಬಂದರೆ ಪಾದ ಟಪ್ ಟಪ್ ಅನ್ನುತ್ತಿತ್ತು. ಆಮೇಲೆ ತಾವೇ ಗಮನಿಸಿ, ನಾಚಿಕೊಂಡು, ಅದನ್ನು ಕುರ್ಚಿಯಡಿಗೆ ಎಳೆದುಕೊಳ್ಳುತ್ತಿದ್ದರು.

ಅದೇ ಊರಿನ ಗ್ಲೆನ್ ವೇವರ್ಲಿ ಬಡಾವಣೆಯ ಅವರ ಮನೆಯ ಹಿಂಭಾಗದಲ್ಲಿ ನಾನೂ ನನ್ನ ಹೆಂಡತಿಯೂ ಬಾಡಿಗೆಗಿದ್ದೆವು. ಎರಡು ಸಾವಿರದ ಇಸವಿ ಕಳೆದು ಕೆಲವು ವರ್ಷಗಳಾಗಿದ್ದವು. ಸಿಡ್ನಿಯ ಪ್ಯಾರಮಟ್ಟಾದಲ್ಲಿದ್ದ ನನ್ನ ಐಟಿ ಕೆಲಸ ಹೋಗಿತ್ತು. ಹೆಂಡತಿಗೆ ಮೆಲ್ಬರ್ನಿನಲ್ಲಿ ಕೆಲಸ ಸಿಕ್ಕಿದ್ದರಿಂದ ಅವಳ ಬೆನ್ನಿಗೆ ನಾನೂ ಬಂದಿದ್ದೆ. ಬೆಳಿಗ್ಗೆ ಅವಳು ರೈಲು ಹಿಡಿಯಲು ಓಡಿದರೆ ನಾನು ಕಿಟಕಿಯ ಪರದೆ ಎಳೆದು ಒಳಗೆ ಕೂರುತ್ತಿದ್ದೆ. ಹಗಲು ಹೊತ್ತಿನಲ್ಲಿ ಮನೆಯಲ್ಲಿರುವ ಗಂಡಸನ್ನು ಪಕ್ಕದ ಮನೆಯವರು ನೋಡಬಾರದು ಅನ್ನಿಸುತ್ತಿತ್ತು. ಕನ್ನಡದವರು ಸೇರುವ ಕಡೆಗೂ ಹೋಗುವುದನ್ನು ಬಿಟ್ಟಿದ್ದೆ. "ಎಲ್ಲಿ ಕೆಲಸ?" ಎನ್ನುವುದೇ ಅಲ್ಲಿ ಮೊದಲ ಪ್ರಶ್ನೆ.

ಒಂದು ಬೆಳಿಗ್ಗೆ ಅಂಕಲ್ ಬಾಗಿಲು ತಟ್ಟಿದರು.

"ಮಾರಾಯ, ನಮ್ಮ ಒಟ್ಟಿಗೆ ನಡೀಲಿಕ್ಕೆ ಬರ್ತೀಯಾ? ಆಂಟಿ ಮುಂದೆ ಓಡ್ತಾಳೆ. ನಂಗೆ ಮಾತಾಡ್ಲಿಕ್ಕೆ ಜನ ಇಲ್ಲ."

ಅವರಿಬ್ಬರೂ ಮಂಗಳೂರು ಕಡೆಯ ಕ್ಯಾಥೊಲಿಕರು. ತಮ್ಮೊಳಗೆ ಕೊಂಕಣಿ, ನಮ್ಮೊಡನೆ ಕನ್ನಡ. ಸ್ಪೇನ್ ದೇಶದಲ್ಲಿ ಸಂತ ಯಾಕೋಬರ ಸಮಾಧಿಯಿರುವ ದೊಡ್ಡ ಚರ್ಚಿಗೆ ವಾರಗಟ್ಟಲೆ ನಡೆದು ಹೋಗುವ ಹಳೆಯ ಯಾತ್ರೆಯೊಂದಿದೆ. ಮಕ್ಕಳಿಲ್ಲದ ಆ ದಂಪತಿ ಮದುವೆಯ ನಲವತ್ತನೆಯ ವರ್ಷಕ್ಕೆ ಅದನ್ನು ಜೊತೆಯಾಗಿ ನಡೆಯುವುದೆಂದು ನಿಶ್ಚಯಿಸಿದ್ದರು. ಅದಕ್ಕಾಗಿ ಬೆನ್ನುಚೀಲಕ್ಕೆ ಅಕ್ಕಿ ತುಂಬಿ, ಮನೆ ಹತ್ತಿರದ ತೊರೆಯ ಪಕ್ಕದ ದಾರಿಯಲ್ಲಿ ದಿನವೂ ಅಭ್ಯಾಸ. ನರ್ಸಾಗಿ ಆಸ್ಪತ್ರೆಯ ವಾರ್ಡುಗಳಲ್ಲಿ ಓಡಾಡಿದ್ದ ಆಂಟಿಯದು ಬೀಸುನಡಿಗೆ. ಅಂಕಲ್ ಅವರ ಮೊಣಕಾಲು ಬಿಗಿದುಕೊಳ್ಳುತ್ತಿತ್ತು. ಸಿಕ್ಕಿದ ಬೆಂಚಿನ ಮೇಲೆಲ್ಲ "ಸ್ಟಾಪ್ ಬಂತು" ಎಂದು ಕೂತುಬಿಡುತ್ತಿದ್ದರು. ದೂರದಲ್ಲಿ ಆಂಟಿ ಸೊಂಟದ ಮೇಲೆ ಕೈಯಿಟ್ಟು ನಿಂತಿರುವುದು ಕಾಣಿಸುತ್ತಿತ್ತು.

ಅಂಥ ಒಂದು ಬೆಂಚಿನ ಮೇಲೆ ಅವರು ಕೇಳಿದರು: "ಕೆಲಸ ಹೋದದ್ದಕ್ಕೆ ಎಂತಕ್ಕೆ ತಲೆ ತಗ್ಗಿಸುದು ನೀನು? ಕದ್ದು ಸಿಕ್ಕಿಬಿದ್ದದ್ದಾ?"

"ಹೇಳ್ಕೊಳ್ಳೋಕೆ ಒಂಥರಾ ಆಗುತ್ತೆ ಅಂಕಲ್" ಎಂದೆ.

"ಆಗ್ತದೆ, ಆಗ್ತದೆ" ಎಂದು ಒಪ್ಪಿಕೊಂಡರು. ಬುದ್ಧಿ ಹೇಳಲಿಲ್ಲ.

ಅವರು ಸ್ಪೇನಿಗೆ ಹೋಗಿ ಬಂದರು. ಅಂಕಲ್ ಕುಂಟುತ್ತಿದ್ದರು. ಆಂಟಿ ಬಿಸಿಲಿಗೆ ಕಪ್ಪಾಗಿದ್ದರೂ ಮುಖದಲ್ಲಿ ಗೆಲುವಿತ್ತು. ಭಾನುವಾರ ಪೂಜೆ ಮುಗಿದ ಮೇಲೆ ಚರ್ಚಿನವರು ಸಮೋಸಾ, ಚಹಾ ಇಟ್ಟು ಅವರನ್ನು ಗೌರವಿಸಿದರು. ನಾವೂ ಹೋಗಿದ್ದೆವು. ಆಂಟಿ ಎದ್ದು ನಿಂತು, ಒಂದೊಂದು ಹೆಜ್ಜೆಯನ್ನೂ ಇಬ್ಬರೂ ಒಟ್ಟಿಗೇ ಇಟ್ಟೆವು ಎಂದು ಇಂಗ್ಲಿಷಿನಲ್ಲಿ ಹೇಳಿದರು. ಜನ ಚಪ್ಪಾಳೆ ತಟ್ಟಿದರು. ಅಂಕಲ್ ತಮ್ಮ ಚಹಾದ ಲೋಟದೊಳಗೇ ನೋಡುತ್ತಿದ್ದರು. ಆಮೇಲಿನ ವಾರಗಳಲ್ಲಿ ಪೂಜೆ ಮುಗಿದದ್ದೇ ಯಾರ ಕಣ್ಣಿಗೂ ಬೀಳದೆ ಕಾರಿನಲ್ಲಿ ಹೋಗಿ ಕೂರತೊಡಗಿದರು. ನಡೆಯಲು ಕರೆದರೆ ಕಾಲುನೋವು ಎನ್ನುತ್ತಿದ್ದರು. ಪರದೆಯ ಹಿಂದೆ ಕೂತು ಕಲಿತಿದ್ದ ನನಗೆ ಅದು ಕಾಲಿನ ನೋವಲ್ಲ ಎಂದು ಗೊತ್ತಾಗುತ್ತಿತ್ತು.

ಅದೇ ಚಳಿಗಾಲದಲ್ಲಿ ಪ್ಯಾರಮಟ್ಟಾದಿಂದ ಆಂಟಿಯ ತಂಗಿಯ ಕರೆ ಬಂತು. ಅವರ ಚರ್ಚಿನಲ್ಲೂ ಇವರು ಯಾತ್ರೆಯ ಬಗ್ಗೆ ಮಾತಾಡಬೇಕಂತೆ. ನನಗೂ ಅಲ್ಲೊಂದು ಇಂಟರ್‌ವ್ಯೂ ಇತ್ತು. ಅವರ ಕಾರನ್ನು ನಾನೇ ಓಡಿಸಿಕೊಂಡು ಹೋದೆ.

ಚರ್ಚಿನ ಹಾಲ್ ತುಂಬಿತ್ತು. ಆಂಟಿ ಮೆಲ್ಬರ್ನಿನಲ್ಲಿ ಹೇಳಿದ್ದನ್ನೇ ಇನ್ನೂ ಚೆನ್ನಾಗಿ ಹೇಳಿದರು. ಆಮೇಲೆ ಪಾದ್ರಿಗಳು ಅಂಕಲ್‌ಗೂ ಎರಡು ಮಾತಾಡಲು ಹೇಳಿದರು. ಅವರು ಕುರ್ಚಿಯ ಬೆನ್ನು ಹಿಡಿದು ಎದ್ದರು.

"ನಾನು ಪೂರ್ತಿ ನಡೆಯಲಿಲ್ಲ" ಎಂದರು. "ಅರ್ಧದಲ್ಲಿ ಮೊಣಕಾಲು ಕೈಕೊಟ್ಟಿತು. ಉಳಿದ ದಾರಿ ಬಸ್ಸಿನಲ್ಲಿ ಹೋದೆ. ನಡೆದದ್ದು ಇವಳು. ಬಸ್ಸು ಚೆನ್ನಾಗಿಯೇ ಇತ್ತು. ಡ್ರೈವರ್ ಮಾತ್ರ ಬ್ರೇಕು ಸ್ವಲ್ಪ ಜೋರಾಗಿ ಹಾಕುತ್ತಿದ್ದ."

ಒಂದಿಬ್ಬರು ನಕ್ಕರು. ಆಂಟಿಯ ತಂಗಿ ಅಕ್ಕನ ಮುಖವನ್ನೇ ನೋಡಿದರು. ಆಂಟಿ ಮಡಿಲಲ್ಲಿದ್ದ ಹ್ಯಾಂಡ್‌ಬ್ಯಾಗಿನ ಜಿಪ್ಪನ್ನು ಎಳೆಯುತ್ತ, ಮುಚ್ಚುತ್ತ ಕೂತಿದ್ದರು. ಆ ನಾಚಿಕೆ ನನ್ನದೇ ಎಂಬಂತೆ ನನ್ನ ಕಿವಿ ಬಿಸಿಯಾಯಿತು.

ಮರುದಿನ ಇಂಟರ್‌ವ್ಯೂನಲ್ಲಿ ಇಷ್ಟು ದಿನ ಏನು ಮಾಡುತ್ತಿದ್ದಿರಿ ಎಂದು ಕೇಳಿದರು. ಕನ್ಸಲ್ಟಿಂಗ್, ಸ್ವಂತ ಪ್ರಾಜೆಕ್ಟ್ ಎಂದೆಲ್ಲ ತಯಾರಿ ಮಾಡಿಕೊಂಡು ಹೋಗಿದ್ದೆ. ಬಾಯಿಗೆ ಬಂದದ್ದು ಬೇರೆ. ಕೆಲಸದಿಂದ ತೆಗೆದರು, ಮತ್ತೆ ಸಿಗಲಿಲ್ಲ, ಮನೆಯಲ್ಲಿದ್ದೇನೆ ಎಂದೆ. ಆ ಕೆಲಸವೂ ಸಿಗಲಿಲ್ಲ. ಆದರೆ ಹೊರಗೆ ಬಂದಾಗ ಮೊದಲ ಸಲ ಅಂಗಿ ಬೆವರಿಗೆ ಅಂಟಿರಲಿಲ್ಲ.

ಅವತ್ತೇ ವಾಪಸು ಹೊರಟೆವು. ದಾರಿಯಲ್ಲಿ ಗೋಲ್ಬರ್ನ್ ಊರು ದಾಟಿದ ಮೇಲೆ ಪೆಟ್ರೋಲಿಗೆಂದು ನಿಲ್ಲಿಸಿದೆವು. ಅಂಕಲ್ ಕಾಫಿ ತರಲು ಒಳಗೆ ಹೋದರು. ಆಂಟಿ ಕಾರಿಗೆ ಒರಗಿ ನಿಂತಿದ್ದರು.

"ನಿನ್ನೆ ಅವರು ಎಲ್ಲಾ ಹೇಳ್ಲಿಲ್ಲ, ಗೊತ್ತುಂಟಾ?" ಎಂದರು.

ನಾನು ಪೆಟ್ರೋಲ್ ಪೈಪನ್ನು ಅದರ ಜಾಗಕ್ಕೆ ಸಿಕ್ಕಿಸಿ ಅವರ ಕಡೆ ತಿರುಗಿದೆ.

"ಎರಡು ದಿನ ಇಲ್ಲೇ ನಿಲ್ಲುವಾ, ಕಾಲು ಸರಿಯಾದ ಮೇಲೆ ಒಟ್ಟಿಗೆ ಹೋಗುವಾ ಅಂತ ಕೇಳಿದ್ರು. ನಾನು ನಿಲ್ಲಲಿಲ್ಲ. ದಾರಿಯಲ್ಲಿ ಎಲ್ಲಾ ನಮ್ಮನ್ನು ದಾಟಿ ಹೋಗ್ತಿದ್ರು. ಮುದುಕರು ಕೂಡ. ನಂಗೆ ಇವರ ಜೊತೆ ನಡೀಲಿಕ್ಕೆ ನಾಚಿಕೆ ಆಗ್ತಿತ್ತು. ಬೆಳಿಗ್ಗೆ ಅವರು ಏಳುವ ಮೊದಲೇ ಹೊರಟುಬಿಟ್ಟೆ. ಭಾಷೆ ಬರದ ಊರಲ್ಲಿ ಬಿಟ್ಟು ಹೋದೆ ಅವರನ್ನು. ಅದನ್ನು ಅವರು ಯಾರಿಗೂ ಹೇಳ್ಲಿಲ್ಲ. ನನ್ನ ಹತ್ರವೂ ಎತ್ತಲಿಲ್ಲ."

ಅಷ್ಟರಲ್ಲಿ ಅಂಕಲ್ ಮೂರು ಕಾಫಿ ಹಿಡಿದುಕೊಂಡು, ಚೆಲ್ಲದಂತೆ ಸಣ್ಣ ಹೆಜ್ಜೆ ಹಾಕುತ್ತ ಬಂದರು. ಆಂಟಿ ಮುಖ ತಿರುಗಿಸಿಕೊಂಡರು.

ಮೂರು ನಾಲ್ಕು ವರ್ಷಗಳ ನಂತರ ಅಂಕಲ್ ಹೃದಯಾಘಾತದಿಂದ ತೀರಿಕೊಂಡರು. ಆ ಹೊತ್ತಿಗೆ ನನಗೆ ಕೆಲಸ ಸಿಕ್ಕಿ, ನಾವು ಬೇರೆ ಸಬರ್ಬಿಗೆ ಹೋಗಿದ್ದೆವು. ಅಂತ್ಯಕ್ರಿಯೆಯ ದಿನ ಚರ್ಚಿನಲ್ಲಿ ಆಂಟಿ ಮಾತಾಡಲು ನಿಂತರು. ಪೆಟ್ರೋಲ್ ಬಂಕಿನಲ್ಲಿ ನನಗೆ ಹೇಳಿದ್ದನ್ನು, ಒಂದನ್ನೂ ಬಿಡದೆ, ಅಷ್ಟೂ ಜನರಿಗೆ ಹೇಳಿದರು. ನನಗೆ ಹೇಳದೆ ಉಳಿದಿದ್ದ ಒಂದು ಸಂಗತಿಯನ್ನೂ ಹೇಳಿದರು. ಆಂಟಿ ನಡೆದು ಸ್ಪೇನಿನ ಆ ದೊಡ್ಡ ಚರ್ಚನ್ನು ತಲುಪಿದಾಗ ಅಂಕಲ್ ಅಂಗಳದಲ್ಲಿ ನಿಂತಿದ್ದರಂತೆ. ಯಾವ ದಿನ ಬರುತ್ತಾರೆಂದು ತಿಳಿಯದೆ ದಿನವೂ ಬಂದು ನಿಲ್ಲುತ್ತಿದ್ದರಂತೆ. ಒಳಗೆ ಹೋಗಿ ಕೈ ಮುಗಿದಿರಲಿಲ್ಲ. ನೀನು ಬಾರದೆ ಹೇಗೆ ಹೋಗುವುದು ಎಂದರಂತೆ.

ಅಷ್ಟು ಹೇಳಿ ಆಂಟಿ ಮೈಕಿನಿಂದ ಹಿಂದೆ ಸರಿದರು. ತಂಗಿ ಬಂದು ಕೈ ಹಿಡಿದು ಕೂರಿಸಿದರು.

ಮಣ್ಣು ಮಾಡಿ ಬಂದ ಮೇಲೆ ಚರ್ಚಿನ ಹಾಲ್‌ನಲ್ಲಿ ಚಹಾ ಇತ್ತು. ಅಂಕಲ್ ಜೊತೆ ಟ್ರಾಮ್ ಓಡಿಸುತ್ತಿದ್ದ ಹಿರಿಯರೊಬ್ಬರು ನನ್ನ ಪಕ್ಕ ನಿಂತು, ಅವರು ನಿಮಗೆ ಹೇಗೆ ಪರಿಚಯ ಎಂದು ಕೇಳಿದರು. ಸುತ್ತ, ಆ ಚರ್ಚಿಗೇ ಬರುವ ನನ್ನ ಆಫೀಸಿನ ಪರಿಚಯದವರೂ ಇದ್ದರು.

"ನನಗೆ ಕೆಲಸವಿಲ್ಲದೆ ಮನೆಯಲ್ಲಿ ಕೂತಿದ್ದಾಗ ದಿನಾ ನಡೆಯೋಕೆ ಕರ್ಕೊಂಡು ಹೋಗ್ತಿದ್ರು" ಎಂದೆ. ದನಿ ತಗ್ಗಿಸಲಿಲ್ಲ.