ಒಂದು ಸೂರಿನ ಎರಡು ಗಡಿಗೆ

ಯಾರಾದರೂ "ಅದು ಹಂಗ ಇರ್ತೈತಿ ಬಿಡು" ಎಂದರೆ ಮಾಗ್ದಲೀನಾಗೆ ಸಿಟ್ಟು ನೆತ್ತಿಗೇರುತ್ತಿತ್ತು. ಹಂಗ ಯಾಕ ಇರ್ತೈತಿ? ಪಾದ್ರಿ, ಬಸ್ ಕಂಡಕ್ಟರು, ಸಂತೆಯ ಬಳೆಗಾರ, ಯಾರನ್ನೂ ಕೇಳದೆ ಬಿಟ್ಟವಳಲ್ಲ ಈ ಸಿದ್ದಿ ಹೆಂಗಸು. ದಾಂಡೇಲಿಯ ಕಾಗದದ ಗಿರಣಿಯಲ್ಲಿ ಬಿದಿರು ಹೊರುತ್ತಿದ್ದ ಗಂಡ ಪಾವ್ಲು, "ಇಕಿನ್ನ ಕಟ್ಟಿಕೊಂಡು ನನ್ನ ಕಿವಿ ತೂತು ಬಿದ್ದಾವು" ಎಂದು ಗೊಣಗುತ್ತಿದ್ದ.

ಸೂಪಾ ಅಣೆಕಟ್ಟಿಗಾಗಿ ಅವರ ಗದ್ದೆ ಹೋಯಿತು, ಬದಲಿಗೆ ಪರಿಹಾರದ ಹಣ ಬಂತು. ಅದರಲ್ಲಿ ತೇರಗಾಂವದಲ್ಲಿ ಮತ್ತೆ ಗದ್ದೆ ಕೊಳ್ಳಬೇಕು, ಇದೊಂದೇ ಅವಳ ಹಟ. ಮನಸ್ಸಿಗೆ ಒಪ್ಪುವ ಗದ್ದೆ ಸಿಗುವವರೆಗೆ ಹಣವನ್ನು ಎಲ್ಲಿಡುವುದು? ಅವಳ ತವರಿನಲ್ಲಿ ಬೀಜದ ಭತ್ತವನ್ನು ಯಾರೂ ಒಂದೇ ಮನೆಯಲ್ಲಿ ಇಡುತ್ತಿರಲಿಲ್ಲ. ಒಂದು ಗಡಿಗೆ ತಮ್ಮಲ್ಲಿ, ಇನ್ನೊಂದು ಹಳ್ಳದಾಚೆಯ ನೆಂಟರಲ್ಲಿ. ಒಂದು ಮನೆಗೆ ಬೆಂಕಿ ಬಿದ್ದರೂ ಮುಂದಿನ ಬಿತ್ತನೆ ನಿಲ್ಲಬಾರದು ನೋಡಿ. ಮಾಗ್ದಲೀನಾ ಹಣಕ್ಕೂ ಅದೇ ಲೆಕ್ಕ ಹಾಕಿದಳು. ಅರ್ಧ ಹಳಿಯಾಳದ ರೈತಬಂಧು ಬ್ಯಾಂಕಿನಲ್ಲಿ, ಅರ್ಧ ದಾಂಡೇಲಿಯ ಶ್ರಮಿಕ ಬ್ಯಾಂಕಿನಲ್ಲಿ ಠೇವಣಿ ಇಟ್ಟು ನಿಶ್ಚಿಂತಳಾದಳು.

ಒಂದು ಸೋಮವಾರ ಅವಳು ದಾಂಡೇಲಿಯ ಬ್ಯಾಂಕಿಗೆ ಹೋದಾಗ ಅದರ ಮುಂದೆ ಜೀಪು ಬಂದು ನಿಂತಿತು. ಜವಾನ ದುರ್ಗಪ್ಪ ಕಬ್ಬಿಣದ ಟ್ರಂಕು ಇಳಿಸಿದ. ಅದರ ಹಿಡಿಕೆಗೆ ಹಸಿರು ಸೀರೆಯ ಚಿಂದಿ ಸುತ್ತಿತ್ತು. ಅರೆ! ಇದೇ ಟ್ರಂಕನ್ನು ಅವಳು ಹಳಿಯಾಳದ ಬ್ಯಾಂಕಿನಲ್ಲಿ ಕಣ್ಣಾರೆ ಕಂಡಿದ್ದಳು.

"ದುರ್ಗಪ್ಪಣ್ಣಾ, ಅವರ ಟ್ರಂಕು ಇಲ್ಲಿಗೆ ಯಾಕ ಬಂತೋ?"

"ಇಲ್ಲಿ ರೊಕ್ಕ ಕಡಿಮಿ ಬಿದ್ರ ಅಲ್ಲಿಂದ ತರ್ತೇವಿ, ಅಕ್ಕಾ. ಅದು ಹಂಗ ಇರ್ತೈತಿ ಬಿಡು."

ಹೇಳಬಾರದ ಮಾತನ್ನೇ ಹೇಳಿದ ಪುಣ್ಯಾತ್ಮ! ಮಾಗ್ದಲೀನಾ ನೆಟ್ಟಗೆ ಮ್ಯಾನೇಜರ್ ಚನಬಸಪ್ಪನ ಮೇಜಿನ ಮುಂದೆ ಹೋಗಿ ನಿಂತಳು.

ಚನಬಸಪ್ಪ ಒಳ್ಳೆಯವನು, ಮುಚ್ಚಿಡಲಿಲ್ಲ. "ಹೋದ ವರ್ಷ ರೈತಬಂಧುದವರು ನಮ್ಮನ್ನ ಸೇರಿಸಿಕೊಂಡ್ರು, ಬಾಯಿ. ಗಿರಣಿ ಮಂದಿಗೆ ಈ ಹೆಸರಿನ ಮ್ಯಾಲೆ ನಂಬಿಗಿ, ಅದಕ್ಕ ಬೋರ್ಡು ತಗಿಲಿಲ್ಲ. ಹೆಸರು ಎರಡು, ಲೈಸನ್ಸು ಒಂದ."

"ಬ್ಯಾಂಕು ಮುಳುಗಿದ್ರ?"

"ಅಯ್ಯ, ಯಾಕ ಮುಳುಗ್ತೈತಿ? ಮುಳುಗಿದ್ರೂ ವಿಮಾ ಐತಿ. ಒಬ್ಬರಿಗೆ ಇಪ್ಪತ್ತು ಸಾವಿರದ ತನಕ."

"ಇಲ್ಲಿ ಇಪ್ಪತ್ತು, ಅಲ್ಲಿ ಇಪ್ಪತ್ತು?"

ಚನಬಸಪ್ಪ ಕನ್ನಡಕ ತೆಗೆದ. "ಇಲ್ಲ. ಒಂದ ಬ್ಯಾಂಕಲ್ಲ? ಎರಡೂ ಕೂಡಿಸಿ ಇಪ್ಪತ್ತು."

ಮಾಗ್ದಲೀನಾ ಬೆರಳು ಮಡಿಸಿ ಲೆಕ್ಕ ಹಾಕಿದಳು. ಒಂದೊಂದು ಕಡೆ ಇಟ್ಟಿದ್ದು ಅದಕ್ಕಿಂತ ಕಡಿಮೆಯೇ, ಆದರೆ ಕೂಡಿಸಿದರೆ ಹೆಚ್ಚು. ಹಳ್ಳದಾಚೆ ಇಟ್ಟೆ ಎಂದುಕೊಂಡ ಗಡಿಗೆ ಇಷ್ಟು ದಿನ ಅದೇ ಮನೆಯ ಇನ್ನೊಂದು ಮೂಲೆಯಲ್ಲಿತ್ತು!

ದಾಂಡೇಲಿಯ ಠೇವಣಿಯನ್ನು ಅವಧಿಗೆ ಮೊದಲೇ ಮುರಿಸಿ ಅಂಚೆ ಕಚೇರಿಯಲ್ಲಿ ಇಟ್ಟಳು. ಬಡ್ಡಿ ಕೈಬಿಟ್ಟು ಹೋಯಿತು. ಪಾವ್ಲು ಕೂಗಾಡಿದ. "ಕಟ್ಟಿದ ಬುತ್ತಿ ಬಿಚ್ಚಿ ಚೆಲ್ಲಿದಿ! ಆ ಬಡ್ಡಿ ನಿಮ್ಮಪ್ಪ ಕೊಡ್ತಾನ?" ಮಳೆಗಾಲ ಮುಗಿಯುವವರೆಗೂ ಅವಳೊಂದಿಗೆ ನೆಟ್ಟಗೆ ಮಾತಾಡಲಿಲ್ಲ. ಅವಳಂತೆಯೇ ಎರಡೂ ಕಡೆ ಹಣ ಇಟ್ಟಿದ್ದ ಪಕ್ಕದ ಮನೆಯ ಗೂಳಪ್ಪನಿಗೆ ಅವಳು ವಿಷಯ ತಿಳಿಸಿದರೆ, "ಟ್ರಂಕು ನೋಡಿ ಬ್ಯಾಂಕು ಅಳೆಯೂದ ಕಲ್ತಿಯೇನ?" ಎಂದು ನಕ್ಕ. ಅವಳಿಗೆ ಅಳು ಬಂತು. ತಾನೇ ತಪ್ಪಿದೆನೇನೋ ಎಂದೂ ಅನಿಸಿತು.

ಮರುವರ್ಷ ಒಂದು ಮುಂಜಾನೆ ಎರಡೂ ಬೋರ್ಡುಗಳ ಕೆಳಗೆ ಬೀಗ ಬಿತ್ತು. ರೈತಬಂಧು ಬ್ಯಾಂಕಿನವರು ಕೊಟ್ಟ ಸಾಲಗಳು ತಿರುಗಿ ಬಂದಿರಲಿಲ್ಲವಂತೆ. ಗೂಳಪ್ಪ ಎರಡು ಪಾಸ್‌ಬುಕ್ಕು ಹಿಡಿದು ಎರಡೂ ಊರಿಗೆ ಓಡಾಡಿದ, ಕೊನೆಗೆ ವಿಮೆಯ ಇಪ್ಪತ್ತು ಸಾವಿರವಷ್ಟೇ ಬಂತು. ಉಳಿದ ಹಣದ ಮಾತು ಬಂದಾಗಲೆಲ್ಲ ಅವನು ಮಾಗ್ದಲೀನಾಳ ಮುಖ ನೋಡುತ್ತಿರಲಿಲ್ಲ. ಅವಳ ಹಳಿಯಾಳದ ಅರ್ಧವೂ ತಡವಾಗಿ ಬಂತು, ಆದರೆ ಪೂರ್ತಿ ಬಂತು. ಅದಕ್ಕೆ ಅಂಚೆ ಕಚೇರಿಯ ಅರ್ಧ ಸೇರಿಸಿ ತೇರಗಾಂವದಲ್ಲಿ ಗದ್ದೆ ಕೊಂಡರು.

ಮೊದಲ ಸುಗ್ಗಿಯಲ್ಲಿ ಪಾವ್ಲು ಬೀಜದ ಭತ್ತವನ್ನು ಎರಡು ಗಡಿಗೆಗೆ ತುಂಬಿದ. ಒಂದನ್ನು ಅಟ್ಟದ ಮೇಲಿಟ್ಟ. ಇನ್ನೊಂದನ್ನು ಹೆಗಲಿಗೇರಿಸಿ ಹೊರಗೆ ನಡೆದ.

"ಎಲ್ಲಿಗೆ?"

"ಹಳ್ಳದಾಚಿ ಸತ್ತೆವ್ವನ ಮನಿಗೆ."

"ಯಾಕ?"

ಪಾವ್ಲು ತಿರುಗಿ ನೋಡಲಿಲ್ಲ. "ಗೊತ್ತಿದ್ದೂ ಕೇಳ್ತಿಯಲ್ಲ," ಎಂದ. "ನಮ್ಮ ಮನಿಗೆ ಸೂರು ಒಂದ ಐತಿ."