ಮಗಳ ಬಾಣಂತನ, ಪಾಂಡುವಿನ ಕ್ಲಾಸು

ಮಗಳ ಸೀಮಂತದ ಊಟ. ಹೋಳಿಗೆ ಬಡಿಸುವ ಹೊತ್ತಿಗೆ ನಮ್ಮ ಪಾಂಡು ಹಿತ್ತಲಿಂದ ಹಗ್ಗ ಬಿಡಿಸಿಕೊಂಡು ಬಂದು, ಎಲೆಯ ಮುಂದೆ ಕೂತಿದ್ದ ಏಳು ತಿಂಗಳ ಬಸುರಿಯ ಹೆಗಲ ಮೇಲೆ ಎರಡೂ ಕಾಲು ಹಾಕಿಬಿಟ್ಟ. ಮಗಳು ವಾಲಿದಳು. ಪಕ್ಕದಲ್ಲಿ ಗೋಡೆ ಇತ್ತು, ಬಚಾವಾದಳು.

ಪಾಂಡು ನಮ್ಮ ಮನೆಯ ನಾಯಿ. ಅರ್ಧ ಜಾತಿ, ಅರ್ಧ ಕಂತ್ರಿ. ಯಾರನ್ನೂ ಕಚ್ಚಿದ್ದಿಲ್ಲ. ಮೈಮೇಲೆ ಹಾರದೆ ಬಿಟ್ಟಿದ್ದೂ ಇಲ್ಲ.

ಮಗಳು ಸುಧಾ ಎಲ್ಲರ ಮುಂದೆಯೇ ಹೇಳಿದಳು: "ಅಮ್ಮಾ, ಈ ಮನೇಲಿ ಅವನಿರ್ಬೇಕು, ಇಲ್ಲ ನಾನು ಬರ್ಬೇಕು. ಅವನೇ ಇರೋದಾದ್ರೆ ಬಾಣಂತನ ಸುಂಕದಕಟ್ಟೇಲೇ ಆಗ್ಲಿ."

ಸುಂಕದಕಟ್ಟೆ ಅಂದರೆ ಅವಳ ಅತ್ತೆ ಮನೆ. ಬೀಗಿತ್ತಿ ನಕ್ಕರು. "ಅದಕ್ಕೇನಂತೆ, ನಾವೇ ಮಾಡ್ತೀವಿ ಬಿಡಿ."

ನನಗೆ ನಗು ಬರಲಿಲ್ಲ. ಮೊದಲ ಮೊಮ್ಮಗು! ಅದಕ್ಕೆ ಎಣ್ಣೆ ಹಚ್ಚಿ ನೀರು ಹಾಕುವುದು ಇನ್ನೊಬ್ಬರ ಕಾಲ ಮೇಲಾ? ಹಾಗಂತ ಐದು ವರ್ಷ ಸಾಕಿದ ನಾಯಿಯನ್ನು ಎಲ್ಲಿ ಬಿಟ್ಟು ಬರಲಿ?

ಅತ್ತಿಗುಪ್ಪೆ ಕಡೆ ಒಂದು ಮೈದಾನದಲ್ಲಿ ಭಾನುವಾರ ಬೆಳಿಗ್ಗೆ ನಾಯಿಗಳಿಗೆ ಕ್ಲಾಸು ನಡೆಯುತ್ತದೆ ಅಂತ ಯಾರೋ ಹೇಳಿದರು. ನಮ್ಮ ಯಜಮಾನರು ನಕ್ಕರು.

"ನೀನು ಓದಿದ್ದೇ ನಾಲ್ಕನೇ ಕ್ಲಾಸು. ನಾಯಿಗೆ ಕಾನ್ವೆಂಟಾ?"

"ಹೂಂ. ನೀವೂ ಬನ್ನಿ, ಹಗ್ಗ ಹಿಡ್ಕೊಳ್ಳೋಕೆ."

ರಾಜಾಜಿನಗರದ ನಮ್ಮ ಮನೆಯಿಂದ ಅಲ್ಲಿಗೆ ನಡೆದೇ ಹೋದೆವು. (ನಾಯಿಯನ್ನು ಯಾವ ಕಂಡಕ್ಟರು ಬಸ್ಸಿಗೆ ಹತ್ತಿಸಿಕೊಳ್ಳುತ್ತಾನೆ?) ಮೇಷ್ಟ್ರು ಪೊಲೀಸ್ ನಾಯಿಗಳನ್ನು ಪಳಗಿಸಿ ರಿಟೈರ್ ಆದವರು. ಪಾಂಡು ನೆಟ್ಟಗೆ ಅವರ ಎದೆಗೇ ಹಾರಿದ.

"ಊಟ ಹೇಗೆ ಹಾಕ್ತೀರಮ್ಮಾ ಇವನಿಗೆ?"

"ನಾವು ನೆಲದ ಮೇಲೆ ಕೂತು ಉಣ್ಣೋರು ಸಾರ್. ಬಂದು ಹಾರ್ತಾನೆ. ಒಂದು ತುತ್ತು ಹಾಕ್ತೀವಿ, ಹೋಗ್ತಾನೆ."

"ಮತ್ತೆ ಬರ್ತಾನೆ ತಾನೇ?"

"ಬರ್ತಾನೆ. ಇನ್ನೊಂದು ತುತ್ತು ಹಾಕ್ತೀವಿ."

"ಅಲ್ಲಮ್ಮಾ, ಐದು ವರ್ಷದಿಂದ ನೀವೇ ಟ್ರೈನಿಂಗ್ ಕೊಟ್ಟಿದ್ದೀರಲ್ಲ! ನೆಲದ ಮೇಲೆ ಯಾರು ಕೂತ್ರೂ ಹಾರು, ಹಾರಿದ್ರೆ ಅನ್ನ ಸಿಗುತ್ತೆ ಅಂತ. ನಾಯಿ ಚೆನ್ನಾಗೇ ಕಲ್ತಿದೆ."

ಕೂಸು ಮಲಗುವುದು ನೆಲದ ಮೇಲೆ. ನೀರು ಹಾಕಲು ನಾನು ಕಾಲು ಚಾಚಿ ಕೂರುವುದೂ ನೆಲದ ಮೇಲೆ.

ಏಳು ಭಾನುವಾರ ಹೋದೆವು. ಪಾಂಡು ಕೂರುವುದು ಕಲಿತ, ಕಾಯುವುದು ಕಲಿತ. ಹಗ್ಗ ಜಗ್ಗದೆ ಪಕ್ಕದಲ್ಲೇ ನಡೆಯುವುದನ್ನೂ ಕಲಿತ. ಗೇಟಿನ ಹೊರಗಿಂದಲೇ ಕಾಗದ ಎಸೆಯುತ್ತಿದ್ದ ಪೋಸ್ಟ್‌ಮ್ಯಾನ್ ಈಗ ಒಳಗೆ ಬಂದು ನೀರು ಕೇಳುತ್ತಾರೆ. ನಮ್ಮ ಪಾಠ ಮಾತ್ರ ಒಂದೇ: ನಮ್ಮ ಊಟ ಮುಗಿದ ಮೇಲೆ, ಹಿತ್ತಲಲ್ಲಿ, ಅವನು ಕೂತ ಮೇಲೆ, ಅವನ ತಟ್ಟೆಗೆ ಅನ್ನ. ಕಷ್ಟವಾಗಿದ್ದು ನಾಯಿಗಲ್ಲ. ಯಜಮಾನರು ಕದ್ದು ತುತ್ತು ಎಸೆದು ಎರಡು ಸಲ ಸಿಕ್ಕಿಬಿದ್ದರು.

ದಿನಾ ನಾನು ಬಚ್ಚಲಲ್ಲಿ ಕಾಲು ಚಾಚಿ, ಹಳೇ ಸೀರೆಯ ಗಂಟನ್ನು ಕಾಲ ಮೇಲೆ ಮಲಗಿಸಿ, ಅದಕ್ಕೆ ನೀರು ಹೊಯ್ಯುತ್ತಿದ್ದೆ. ಪಾಂಡು ಹೊಸ್ತಿಲಾಚೆ ಕೂತು ನೋಡಬೇಕು, ಏಳಬಾರದು. (ಪಕ್ಕದ ಮನೆಯವರು ನನಗೇನೋ ಆಗಿದೆ ಅಂದುಕೊಂಡರು. ಅಂದುಕೊಳ್ಳಲಿ.)

ದಿನ ತುಂಬುವ ಮುಂಚೆ ಸುಧಾ ಪರೀಕ್ಷೆ ಮಾಡಲು ಬಂದಳು. ಟ್ರಂಕು ಆಟೋದಲ್ಲೇ ಇತ್ತು. ಗೋಡೆಗೆ ಒತ್ತಿ ಕೂತು, ತಟ್ಟೆ ಮುಂದಿಟ್ಟುಕೊಂಡು, "ಈಗ ಬಿಡು ನೋಡೋಣ ಅವನ್ನ" ಅಂದಳು. ಪಾಂಡು ಬಂದ. ತಟ್ಟೆ ನೋಡಿದ. ನನ್ನ ಮುಖ ನೋಡಿದ. ಬಾಗಿಲ ಹತ್ತಿರ ಕೂತ.

ಅವಳು ಕೊನೇ ಮೊಸರನ್ನದವರೆಗೂ ಉಂಡಳು. ಆಮೇಲೆ ಅಪ್ಪನಿಗೆ ಹೇಳಿದಳು, "ಟ್ರಂಕ್ ಇಳಿಸ್ಕೊಳಪ್ಪ."

ಹೆಣ್ಣು ಮಗು ಹುಟ್ಟಿತು. ಅಯ್ಯೋ, ನನ್ನ ಕೂಸನ್ನು ನೀವು ನೋಡಬೇಕಿತ್ತು! ಕಾಲ ಮೇಲೆ ಮಲಗಿಸಿಕೊಂಡು ಹರಳೆಣ್ಣೆ ತಿಕ್ಕಿದರೆ ಬೆಣ್ಣೆ ಮುಟ್ಟಿದ ಹಾಗೆ. ಅದು ಕಿರುಚುವುದು, ಹೊಸ್ತಿಲಾಚೆ ಪಾಂಡು ಕಿವಿ ನಿಮಿರಿಸುವುದು. ಒಂದು ದಿನವೂ ಒಳಗೆ ಕಾಲಿಟ್ಟವನಲ್ಲ.

ಐದು ತಿಂಗಳು ಕಳೆದು ಸುಧಾ ಈಗ ಗಂಡನ ಮನೆಗೆ ಹೊರಟಿದ್ದಾಳೆ. ನಿನ್ನೆ ಬಟ್ಟೆ ಮಡಿಸುತ್ತಾ ಮೆಲ್ಲಗೆ ಕೇಳಿದಳು: "ಅಮ್ಮಾ, ಪಾಂಡೂನ ನಮ್ಜೊತೆ ಕಳಿಸ್ತೀಯಾ? ಅವನನ್ನ ನೋಡಿದ್ರೇನೇ ಇವಳು ಅಳು ನಿಲ್ಸೋದು."

ಕೂಸಂತೂ ಹೋಗುತ್ತದೆ, ನಾಯಿಯನ್ನೂ ಕೊಟ್ಟರೆ ಈ ಮನೆಯಲ್ಲಿ ನನ್ನ ಮಾತು ಕೇಳುವವರು ಯಾರಿದ್ದಾರೆ?