ರಾಗಿ ಮೆದೆಯ ಪಕ್ಕ ಓದಿದ ಪುಟ

ಮಾಸ್ತಿ ಕಡೆಯ ನಮ್ಮ ಹೊಲದ ಕಣದಲ್ಲಿ ರಾಗಿ ಮೆದೆ ಹಾಕಿದ ಮೇಲೆ, ಒಕ್ಕಣೆ ಮುಗಿಯುವವರೆಗೂ ಯಾರಾದರೊಬ್ಬರು ಕಾವಲಿರಬೇಕು. ಗಡಿಯಾಚೆಯ ಕಾಡಿನಿಂದ ಆನೆಗಳು ಬರುತ್ತವೆ. ರಾತ್ರಿ ಅಣ್ಣ ಕಾಯುತ್ತಿದ್ದ. ಬೆಳಗ್ಗೆ ಅವನು ಮನೆಗೆ ಹೋದರೆ ನಾನೂ ಅತ್ತಿಗೆಯೂ ಬಂದು ಕೂರುತ್ತಿದ್ದೆವು. ಅತ್ತಿಗೆ ಎಸ್‌ಡಿಎ ಪರೀಕ್ಷೆಗೆ ಓದುತ್ತಿದ್ದರು. ಡಿಗ್ರಿ ಮುಗಿಸಿದ್ದ ನಾನು ಇಂಗ್ಲಿಷ್ ಹೇಳಿಕೊಡುತ್ತಿದ್ದೆ. ನಾನು ಗೈಡಿನಿಂದ ವಾಕ್ಯ ಓದಬೇಕು, ಖಾಲಿ ಬಿಟ್ಟ ಜಾಗ ಬಂದಾಗ ಶಾಲೆಯಲ್ಲಿ ಕಲಿತ ಹಾಗೆ ‘ಡ್ಯಾಶ್’ ಅನ್ನಬೇಕು. ಅಲ್ಲಿಗೆ ಹೊಂದುವ ಪ್ರಿಪೊಸಿಷನ್ ಅವರು ಹೇಳಬೇಕು.

ಆವತ್ತು ಮಂಜು ದಟ್ಟವಾಗಿತ್ತು. ಮೆದೆಗೆ ಬೆನ್ನು ಮಾಡಿ ನಾನು, ನನ್ನೆದುರು ಕಂಬಳಿ ಹೊದ್ದು ಅತ್ತಿಗೆ.

“ಶೀ ಈಸ್ ಮ್ಯಾರೀಡ್ ಡ್ಯಾಶ್ ಎ ಡಾಕ್ಟರ್.”

“ವಿತ್.”

“ಟು, ಅತ್ತಿಗೆ.”

“ನಿಮ್ಮಣ್ಣನ ಜೊತೆ ತಾನೆ ನಾನು ಮದ್ವೆ ಆಗಿರೋದು? ವಿತ್ ಅಲ್ದೆ ಇನ್ನೇನು?”

“ಅದನ್ನ ಪೇಪರ್ ಸೆಟ್ ಮಾಡೋರಿಗೆ ಹೇಳಿ.”

ನಗುತ್ತಿದ್ದವರು ತಟ್ಟನೆ ನಿಲ್ಲಿಸಿದರು. ಅವರ ಕಣ್ಣು ನನ್ನ ತಲೆಯ ಮೇಲಿಂದ ಹಾದು ಎಲ್ಲೋ ನಿಂತಿತ್ತು.

“ಕದಲೊದ್ದು,” ಅಂದರು. ಅಲುಗಬೇಡ ಎಂದು. ಅವರು ರಾಯಲ್ಪಾಡಿನವರು, ಗಾಬರಿಯಾದರೆ ತೆಲುಗೇ ಬರುವುದು. “ಆನೆ. ತಿರುಗ್ಬೇಡ ಕಣೇ.”

ಆಗ ಕೇಳಿಸಿತು. ಮೆದೆಯಿಂದ ತೆನೆ ಕಿತ್ತೆಳೆಯುವ ಸದ್ದು, ಆಮೇಲೆ ನಿಧಾನವಾಗಿ ಅಗಿಯುವ ಸದ್ದು. ಅಷ್ಟು ದೊಡ್ಡ ಜೀವ ನಡೆದು ಬಂದದ್ದು ಮಾತ್ರ ಕಿವಿಗೆ ಬಿದ್ದಿರಲಿಲ್ಲ. ನಾನು ಉಸಿರು ಹಿಡಿದೆ. ಅಗಿಯುವುದೂ ನಿಂತಿತು.

“ಓದು. ನೀನು ಸುಮ್ನಾಗಿದ್ಕೆ ಕಿವಿ ಅಗಲ ಮಾಡ್ಕೊಂಡು ನಿಂತೈತೆ,” ಅಂದರು ಅತ್ತಿಗೆ, ಅಡುಗೆಮನೆಯಲ್ಲಿ ಮಾತಾಡುವಷ್ಟೇ ದನಿಯಲ್ಲಿ.

“ಹೀ ಡೈಡ್ ಡ್ಯಾಶ್ ಫೀವರ್.”

“ಆಫ್.”

ಜ್ವರದಿಂದ ಸತ್ತ ಅಂತಲ್ಲವೇ ಎಂದು ಯಾವಾಗಲೂ ‘ಫ್ರಮ್’ ಹೇಳುತ್ತಿದ್ದವರು. ಹಿಂದೆ ಅಗಿಯುವುದು ಮತ್ತೆ ಶುರುವಾಯಿತು.

ಓದುತ್ತ ಹೋದೆ. ಪುಟ ಮುಗಿಯಿತು. ಹಾಳೆ ಮಗುಚಿದರೆ ಸರಕ್ಕೆನ್ನುತ್ತದೆ, ಕೈ ಏಳಲಿಲ್ಲ. ಅದೇ ಪುಟವನ್ನು ಮೇಲಿನಿಂದ ಮತ್ತೆ ಓದಿದೆ. ಡಾಕ್ಟರನ್ನು ಮದುವೆಯಾದವಳು ಬಂದಾಗ ಅತ್ತಿಗೆ “ಟು” ಅಂದರು, ಅಷ್ಟೆ. ಮತ್ತೆ ಓದಿದೆ. ಬಿಸಿಲು ಬಂದು ಮಂಜು ತೆಳುವಾಗುವ ಹೊತ್ತಿಗೆ ಅವರು “ಹೋಯ್ತು” ಅಂದು ಅಲ್ಲೇ ಒರಗಿಕೊಂಡರು. ಅಣ್ಣ ಹುಡುಕಿಕೊಂಡು ಬರುವವರೆಗೂ ನಾವಿಬ್ಬರೂ ಏಳಲಿಲ್ಲ.

ಮನೆಗೆ ಬಂದು ಶಾಲು ತೆಗೆದೆ. ಬೆನ್ನಿನ ಕಡೆ ಅಂಗೈಯಗಲ ಒದ್ದೆಯಾಗಿ, ಲೋಳೆಲೋಳೆಯಾಗಿ, ರಾಗಿ ಹೊಟ್ಟು ಮೆತ್ತಿಕೊಂಡಿತ್ತು. ನನಗೆ ಏನೂ ತಾಗಿದ ಅರಿವೇ ಇಲ್ಲ.

“ಅತ್ತಿಗೆ, ಸೊಂಡಿಲು ತಾಗಿದ್ದು ಯಾವಾಗ?”

“ಒಗೆಯಕ್ಕೆ ಹಾಕು.”

“ಆಗ ಯಾವ ಪ್ರಶ್ನೆ ಓದ್ತಿದ್ದೆ ನಾನು?”

“ಬಿಡೇ. ಉತ್ತರ ಹೇಳಿದ್ನಲ್ಲ.”

ಕೋಲಾರಕ್ಕೆ ಹೋಗಿ ಪರೀಕ್ಷೆ ಬರೆದು ಬಂದ ಮೇಲೂ ಅವರು ಹೇಳಲಿಲ್ಲ. ಆ ಪುಟವನ್ನು ಈಗಲೂ ಗೋಡೆಗೆ ಒರಗಿ ಕೂತು ಗಟ್ಟಿಯಾಗಿ ಓದುತ್ತೇನೆ. ಒಂದೊಂದು ಡ್ಯಾಶ್ ಬಂದಾಗಲೂ ನಿಲ್ಲಿಸಿ, ಆವತ್ತು ಅವರು ಕೊಟ್ಟ ಉತ್ತರವನ್ನು ನೆನಪಿನಲ್ಲಿ ಕೇಳಿಸಿಕೊಳ್ಳುತ್ತೇನೆ. ಯಾವ ಉತ್ತರದಲ್ಲೂ ದನಿ ನಡುಗಿದ್ದು ಸಿಗುವುದಿಲ್ಲ.